ಲೆಕ್ಕದಲ್ಲಿಲ್ಲದ ಹಂದಿಗಳು

ಮೆಹನಾಜ್ ಡಾಕ್ಟರಲ್ಲ. ಮಾನ್ವಿ ತಾಲ್ಲೂಕಿನ ಒಂದು ಪಶು ಚಿಕಿತ್ಸಾಲಯದಲ್ಲಿ ಪರೀಕ್ಷಕಿ. ದನಗಳಿಗೆ ಲಸಿಕೆ ಹಾಕುವುದು, ಕಿವಿಗೆ ನಂಬರಿನ ಓಲೆ ಚುಚ್ಚುವುದು, ಕುರಿಗಳಿಗೆ ಜಂತಿನ ಔಷಧ ಕುಡಿಸುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅವಳು ಇದನ್ನು ಜನರಿಗೆ ಹೇಳುತ್ತಲೇ ಇದ್ದಾಳೆ. ಹನ್ನೊಂದು ವರ್ಷದಿಂದ ಜನ ಅವಳನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದಾರೆ. ಕುರ್ಡಿಯಲ್ಲಿ ಎಮ್ಮೆ ಈಯಲಾರದೆ ಒದ್ದಾಡಿದರೂ ಅವಳಿಗೇ ಫೋನು, ಹಿರೇಕೊಟ್ನೆಕಲ್ಲಿನಲ್ಲಿ ಯಾರದೋ ಕೋಳಿ ತೂಕಡಿಸಿದರೂ ಅವಳಿಗೇ ಫೋನು. "ನಾ ಡಾಕ್ಟರ್ ಅಲ್ರೀ" ಅಂದರೆ, "ಇರ್ಲಿ ಬಿಡ್ರಿ, ಲಗೂನ ಬರ್ರಿ" ಅನ್ನುತ್ತಾರೆ.

ಆ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಬಂದ ಫೋನು ವೆಂಕೋಬನದು. ಊರಿನ ಕಸ ತೆಗೆಸುವ ಮೇಸ್ತ್ರಿ ಅವನು. ಪೌರಕಾರ್ಮಿಕರಿಗೆ ಓಣಿ ಹಂಚಿಕೊಡುವವನು.

"ಮೇಡಂ, ಸಂತಿ ಬಯಲಿನ ಹಿಂದ ಹಳ್ಳದಾಗ ಎರಡು ಹಂದಿ ಸತ್ತ ಬಿದ್ದಾವ. ಎತ್ತಿಸಿಬಿಡ್ರಿ. ವಾಸನಿ ಹೊಡಿಯಾಕತ್ತದ."

"ಎತ್ತಿಸೋದು ನಿಮ್ಮ ಕೆಲಸ ಅಲ್ಲೇನ್ರಿ ವೆಂಕೋಬ?"

"ಹಂದಿ ಪ್ರಾಣಿ ಅಲ್ರೀ? ಪ್ರಾಣಿ ನಿಮ್ಮ ಇಲಾಖಿ."

"ಬದುಕಿದ್ರ ನಮ್ಮ ಇಲಾಖಿ. ಸತ್ತಮ್ಯಾಗ ಕಸ. ಕಸ ನಿಮ್ದು."

"ಹಂಗಾರ ಬದುಕಿದ್ದಾಗ ಒಂದಿನನಾದ್ರೂ ಬಂದು ನೋಡೀರೇನ್ರಿ?"

ಮೆಹನಾಜ್ ಫೋನು ಇಟ್ಟು, ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು, ಸ್ಕೂಟಿ ತೆಗೆದಳು.

ಹಳ್ಳದಲ್ಲಿ ವೆಂಕೋಬ ಹೇಳಿದ ಎರಡಲ್ಲ, ಮೂರಿದ್ದವು. ಮೂರನೆಯದು ಇನ್ನೂ ಜೀವ ಹಿಡಿದುಕೊಂಡಿತ್ತು. ಜಾಲಿಯ ಬುಡದಲ್ಲಿ ಮಲಗಿ ಏದುಸಿರು ಬಿಡುತ್ತಿತ್ತು. ಅವಳು ಹತ್ತಿರ ಹೋದರೂ ಎದ್ದು ಓಡಲಿಲ್ಲ. ಊರ ಹಂದಿ ಮನುಷ್ಯರನ್ನು ಕಂಡು ಓಡದಿದ್ದರೆ ಅದೇ ಮೊದಲ ಲಕ್ಷಣ. ಕಪ್ಪು ಹಂದಿಯಾದರೂ ಕಿವಿಯ ಒಳಭಾಗ, ಹೊಟ್ಟೆಯ ಅಡಿ ನೇರಳೆ ಬಣ್ಣಕ್ಕೆ ತಿರುಗಿದ್ದು ಕಾಣುತ್ತಿತ್ತು. ಮೂಗಿನಿಂದ ತೆಳ್ಳಗೆ ರಕ್ತ ಇಳಿದಿತ್ತು.

ಮೆಹನಾಜಳಿಗೆ ರಾಯಚೂರಿನಲ್ಲಿ ನಡೆದ ತರಬೇತಿ ನೆನಪಾಯಿತು. ಊಟವಾದ ಮೇಲಿನ ತರಗತಿ. ಅರ್ಧ ಜನ ನಿದ್ದೆ ಹೊಡೆಯುತ್ತಿದ್ದರು. ಪರದೆಯ ಮೇಲೆ ಇಂಥದೇ ಕಿವಿ, ಇಂಥದೇ ಹೊಟ್ಟೆ. ಆಫ್ರಿಕನ್ ಹಂದಿ ಜ್ವರ. ವೈರಸ್ಸಿನದು. ಮನುಷ್ಯರಿಗೆ ಬರುವುದಿಲ್ಲ, ದನ ಕುರಿಗಳಿಗೆ ಬರುವುದಿಲ್ಲ; ಆದರೆ ಒಂದು ಹಂದಿಗೆ ಬಂದರೆ ಓಣಿಯ ಹಂದಿಗಳು ಉಳಿಯುವುದಿಲ್ಲ. ಹಂದಿಯಿಂದ ಹಂದಿಗೆ, ಹಸಿ ಮಾಂಸದಿಂದ, ಹೋಟೆಲ್ಲಿನ ಎಂಜಲಿನಿಂದ, ಮೆಟ್ಟಿದ ಚಪ್ಪಲಿಯಿಂದಲೂ ಹರಡುತ್ತದೆ. ಔಷಧಿಯಿಲ್ಲ, ಹಾಕಲು ಲಸಿಕೆಯಿಲ್ಲ. "ಹಂಗಾರ ನಾವೇನ್ ಮಾಡಬೇಕ್ರಿ ಸರ್?" ಎಂದು ಯಾರೋ ಕೇಳಿದ್ದರು. "ಹಬ್ಬದಂಗ ತಡೀಬೇಕು" ಎಂದಿದ್ದರು ಹೇಳಿಕೊಡುವವರು. ಅಷ್ಟರಲ್ಲಿ ಚಹಾ ಬಂದಿತ್ತು.

ಹಳ್ಳ ದಾಟಿದರೆ ಒಂದು ಓಣಿ. ಈಚಲ ಬರಲಿನಿಂದ ಪುಟ್ಟಿ ಹೆಣೆಯುವ, ಹಂದಿ ಸಾಕುವ ಎಂಟು ಮನೆಗಳು. ಮೊದಲನೆಯದು ಮುದುಕಪ್ಪನದು. ಅರವತ್ತು ದಾಟಿದ ಆಸಾಮಿ, ಬಾಗಿಲ ಮುಂದೆ ಕುಳಿತು ಪುಟ್ಟಿಯ ಬಾಯಿ ಕಟ್ಟುತ್ತಿದ್ದ.

"ಯಪ್ಪಾ ಮುದುಕಪ್ಪ, ಹಳ್ಳದಾಗ ಸತ್ತ ಬಿದ್ದಾವಲ್ಲ, ಅವು ಯಾರವು?"

"ಯಾರವೋ ಏನೋ. ಹಂದಿ ಮ್ಯಾಲ ಹೆಸರು ಬರ್ದಿರ್ತದೇನ್ರಿ ಡಾಕ್ಟರಮ್ಮ?"

"ಎಡಗಿವಿಗೆ ಎರಡು ಕೊಯ್ತ ಅದ. ಅದು ನಿನ್ನ ಗುರ್ತು ಅಲ್ಲೇನು?"

"ಎರಡು ಕೊಯ್ತ ಯಾರು ಬೇಕಾದ್ರೂ ಹಾಕಬಹುದ್ರೀ."

ಅವನ ಬೆನ್ನ ಹಿಂದೆಯೇ ಒಂದು ದೊಡ್ಡ ತಾಯಿಹಂದಿ ಗೋಡೆಗೆ ಮೈ ತಿಕ್ಕುತ್ತಿತ್ತು. ಕೊರಳಲ್ಲಿ ಕೆಂಪು ದಾರ. ಅದರ ಮುಂದೆ ಅಲ್ಯೂಮಿನಿಯಂ ಬೋಗುಣಿಯಲ್ಲಿ ತೌಡಿನ ಗಂಜಿ.

"ಇದು?"

ಮುದುಕಪ್ಪ ತಿರುಗಿ ನೋಡಿದ. ಇದೇ ಮೊದಲ ಸಲ ಕಂಡವನಂತೆ ನೋಡಿದ. "ಇದು ಹಂಗ ಬಂದು ನಿಂತದರೀ. ನೆಳ್ಳು ಅದಲ್ಲ ಇಲ್ಲಿ, ಅದಕ್ಕ."

ಮೆಹನಾಜ್ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಎಂಟು ಮನೆಗಳಲ್ಲೂ ಅದೇ ಉತ್ತರ. ಯಾರದೂ ಅಲ್ಲ. ಓಣಿಯ ತುಂಬ ಹಂದಿ, ಆದರೆ ಒಂದಕ್ಕೂ ಒಡೆಯನಿಲ್ಲ.

ಅವರು ಸುಮ್ಮನೆ ಸುಳ್ಳು ಹೇಳುತ್ತಿರಲಿಲ್ಲ, ಅದಕ್ಕೆ ಕಾರಣವಿತ್ತು. ವರ್ಷಕ್ಕೊಮ್ಮೆ ಹಂದಿಗಳನ್ನು ಊರ ಹೊರಗೆ ಸಾಗಿಸಬೇಕೆಂದು ಯಾರಾದರೂ ಅರ್ಜಿ ಕೊಡುತ್ತಿದ್ದರು. ಆಮೇಲೆ ಮೈಕು ಕಟ್ಟಿದ ಆಟೋ ಬರುತ್ತಿತ್ತು: ಹಂದಿಗಳ ಮಾಲೀಕರ ಮೇಲೆ ಕ್ರಮ. ಮಾಲೀಕ ಎಂದು ಒಪ್ಪಿಕೊಂಡವನ ಹಂದಿಗಳನ್ನು ಹಿಡಿದು ಲಾರಿಗೆ ತುಂಬಿದ್ದೂ ಉಂಟು. ಅಂದಿನಿಂದ ಓಣಿಯವರು ಕಾಗದ ಹಿಡಿದು ಬಂದವರಿಗೆಲ್ಲ ಒಂದೇ ಮಾತು ಕಲಿತರು. ನಮ್ಮವಲ್ಲ.

ಹೋದ ಚಳಿಗಾಲದಲ್ಲಿ ಜಾನುವಾರು ಗಣತಿಗೆ ಈ ಓಣಿಗೆ ಬಂದವಳು ಸ್ವತಃ ಮೆಹನಾಜ್. ಇಲಾಖೆಯ ಆ್ಯಪಿನಲ್ಲಿ ಮನೆಮನೆಯ ಎಣಿಕೆ ತುಂಬಬೇಕಿತ್ತು. ದಿನಕ್ಕಿಷ್ಟು ಮನೆ ಎಂದು ಗುರಿ. ಅಂದು ಮುದುಕಪ್ಪ "ನಮ್ಮವಲ್ರೀ" ಅಂದಾಗ ಅವಳ ಕಾಲ ಬಳಿಯಲ್ಲೇ ಆರು ಮರಿಗಳು ಕಚ್ಚಾಡುತ್ತಿದ್ದವು. ಇನ್ನೂ ನಲವತ್ತು ಮನೆ ಬಾಕಿಯಿದ್ದವು, ಫೋನಿನ ಚಾರ್ಜು ಮುಗಿಯುತ್ತಿತ್ತು. ಹಂದಿ ಎಂಬ ಸಾಲಿನ ಮುಂದೆ ಸೊನ್ನೆ ಒತ್ತಿ ಮುಂದಿನ ಮನೆಗೆ ನಡೆದಳು. ಎಂಟು ಮನೆಗೆ ಎಂಟು ಸೊನ್ನೆ. ಅದು ತಪ್ಪೆಂದು ಅವಳಿಗೆ ಆಗಲೇ ಗೊತ್ತಿತ್ತು.

ಮಾರನೆಯ ದಿನದ ಹೊತ್ತಿಗೆ ಹಳ್ಳದ ಮೂರನೆಯ ಹಂದಿಯೂ ಸತ್ತಿತ್ತು. ಡಾಕ್ಟರ್ ಮಹಾಂತಯ್ಯ ಬಂದರು. ಅವರಿಗೆ ಮೂರು ಕಡೆಯ ಜವಾಬ್ದಾರಿ. ವಾರದಲ್ಲಿ ಎರಡು ದಿನ ಮಾನ್ವಿ, ಎರಡು ದಿನ ದೇವದುರ್ಗ, ಉಳಿದದ್ದು ಮೀಟಿಂಗು. ಹುಟ್ಟಾ ಜಂಗಮರು, ಮೊಟ್ಟೆಯ ವಾಸನೆಗೂ ಮೂಗು ಮುಚ್ಚುವವರು. ಹಂದಿಯ ಹೆಣ ಕೊಯ್ಯಲು ಏನಾದರೂ ನೆಪ ಹೇಳಿಯಾರು ಎಂದು ಮೆಹನಾಜ್ ಅಂದುಕೊಂಡಿದ್ದಳು. ಹಾಗಾಗಲಿಲ್ಲ. ಕೊರಳ ಲಿಂಗವನ್ನು ಅಂಗಿಯ ಒಳಗೆ ಸರಿಸಿ, ಗೌನು ಹಾಕಿಕೊಂಡು, ಎರಡೆರಡು ಗ್ಲೌಸು ಏರಿಸಿ ಕುಳಿತರು. ಅವಳು ಟ್ರೇ ಹಿಡಿದಳು. ಗುಲ್ಮ ಕಪ್ಪಗೆ ಊದಿಕೊಂಡು, ಮುಟ್ಟಿದರೆ ಪುಡಿಯಾಗುವ ಹಾಗಿತ್ತು.

"ಅದ ಇದು" ಎಂದರು ಮಹಾಂತಯ್ಯ. "ಲ್ಯಾಬಿನವರು ಹೇಳೋತನಾ ಬಾಯಿ ಬಿಡಂಗಿಲ್ಲ. ಆದ್ರ ಅದ ಇದು. ಇವತ್ತ ಸ್ಯಾಂಪಲ್ ರಾಯಚೂರಿಗೆ ಮುಟ್ಟಿಸಿಬಿಡು ಮೆಹನಾಜ್. ನಾ ದೇವದುರ್ಗಕ್ಕ ಹೋಗಲೇಬೇಕು."

ಅವಳು ಐಸಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು. "ಡಬ್ಬ್ಯಾಗ ಏನದವಾ? ಮೀನೇನು?" ಎಂದು ಪಕ್ಕದ ಹೆಂಗಸು ಕೇಳಿದಳು. ಮೆಹನಾಜ್ ಹೌದು ಅಂದಳು.

ರಾಯಚೂರಿನ ಆಫೀಸಿನಲ್ಲಿ ಅಂಕಿಸಂಖ್ಯೆ ನೋಡಿಕೊಳ್ಳುವವನು ಪಂಪಾಪತಿ. ಅವನ ದಾಖಲೆಯಿಲ್ಲದೆ ಸ್ಯಾಂಪಲ್ಲು ಲ್ಯಾಬಿಗೆ ಹೋಗುವಂತಿರಲಿಲ್ಲ. ಕೆಟ್ಟವನಲ್ಲ. ಆದರೆ ಕಂಪ್ಯೂಟರಿನ ಪರದೆಯಲ್ಲಿ ಬಂದದ್ದೇ ಅವನಿಗೆ ಸತ್ಯ. ಅವಳು ಹೇಳಿದ್ದನ್ನೆಲ್ಲ ಟೈಪು ಮಾಡಿದ. ಒತ್ತಿದ. ಮತ್ತೆ ಒತ್ತಿದ.

"ತಗೊಳ್ಳವಲ್ದು ಮೇಡಂ."

"ಏನು ತಗೊಳ್ಳವಲ್ದು?"

"ನಿಮ್ಮ ವಾರ್ಡಿನಾಗ ಹಂದಿ ಸೊನ್ನಿ. ಸತ್ತವು ಮೂರು ಅಂತ ಹಾಕಿದ್ರ ಕೆಂಪಕ್ಷರದಾಗ ತಪ್ಪು ಅಂತ ತೋರಸ್ತದ. ಇದ್ದವಕ್ಕಿಂತ ಸತ್ತವು ಜಾಸ್ತಿ ಇರಂಗಿಲ್ಲಲ್ರೀ."

"ಸತ್ತಾವಲ್ರೀ ಪಂಪಾಪತಿ! ನಾ ನೋಡೀನಿ!"

"ನೀವು ನೋಡೀರಿ. ಸಿಸ್ಟಂ ನೋಡಿಲ್ಲ. ಇಲ್ಲದ ಹಂದಿ ಹೆಂಗ ಸಾಯ್ತಾವ ಅಂತ ಕೇಳ್ತದ ಅದು."

ಮೆಹನಾಜ್ ಡಬ್ಬಿಯನ್ನು ಅವನ ಕೀಬೋರ್ಡಿನ ಪಕ್ಕದಲ್ಲಿ ಕುಕ್ಕಿದಳು. "ಹಂಗಾರ ಇದ್ರಾಗ ಏನದ? ತಗದು ತೋರಸ್ಲೇನು?"

ಪಂಪಾಪತಿ ಕುರ್ಚಿಯನ್ನು ಹಿಂದಕ್ಕೆ ಜರುಗಿಸಿದ. "ತಗೀಬ್ಯಾಡ್ರಿ. ಒಂದು ಕೆಲಸ ಮಾಡ್ರಿ. ಬ್ಯಾರೆ ತಾಲ್ಲೂಕಿನಿಂದ ಬಂದ ಬೀಡಾಡಿ ಹಂದಿ ಅಂತ ಬರ್ಕೊಡ್ರಿ. ಯಾರಿಗೂ ತ್ರಾಸಿಲ್ಲ."

"ಹಂಗ ಬರ್ದ್ರ ರೋಗ ನಮ್ಮೂರಾಗ ಇಲ್ಲ ಅಂತ ಆಗ್ತದ. ತಡಿಯಾಕ ಯಾರೂ ಬರಂಗಿಲ್ಲ."

"ಮತ್ತೇನ್ ಬರೀತೀರಿ?"

ಡಬ್ಬಿಯ ಮೂಲೆಯಿಂದ ನೀರು ತೊಟ್ಟಿಕ್ಕತೊಡಗಿತ್ತು. ಮೆಹನಾಜ್ ಹೊರಗೆ ಹೋಗಿ, ಕಬ್ಬಿನ ಹಾಲಿನ ಗಾಡಿಯವನ ಹತ್ತಿರ ಐಸು ತಂದು ತುಂಬಿ, ಮತ್ತೆ ಬಂದು ಕುಳಿತಳು. ಒಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡು ಬರೆದಳು: ಈ ಓಣಿಯಲ್ಲಿ ಅಂದಾಜು ಐವತ್ತು ಹಂದಿಗಳಿವೆ, ಗಣತಿಯ ದಿನ ನಾನು ಕಣ್ಣಾರೆ ಕಂಡಿದ್ದರೂ ಸೊನ್ನೆ ಎಂದು ತುಂಬಿದ್ದೇನೆ, ತಪ್ಪು ನನ್ನದು.

ಪಂಪಾಪತಿ ತಲೆಕೆಳಗಾಗಿ ಓದಿದ. ದನಿ ತಗ್ಗಿಸಿ ಹೇಳಿದ, "ಸೈನ್ ಮಾಡಬ್ಯಾಡ್ರಿ ಮೇಡಂ. ನೋಟಿಸ್ ಬರ್ತದ ನಿಮಗ. ಯಾರೂ ಹಿಂಗ ಬರ್ಕೊಡಂಗಿಲ್ಲ."

"ಗೊತ್ತದ" ಎಂದು ಸಹಿ ಮಾಡಿದಳು. ಆ ಕ್ಷಣ ಅವಳಿಗೆ ಧೈರ್ಯವೇನೂ ಅನಿಸಲಿಲ್ಲ. ಐಸು ಕರಗುವ ಮೊದಲು ಇಲ್ಲಿಂದ ಎದ್ದರೆ ಸಾಕು ಅನಿಸಿತ್ತು. ಪತ್ರ ನೋಡಿದ ಆ ಆಫೀಸಿನ ಸಾಹೇಬರು ಹುಬ್ಬು ಗಂಟಿಕ್ಕಿದರು. ಆದರೆ ಸ್ಯಾಂಪಲ್ಲಿನ ಕಾಗದಕ್ಕೂ ಸಹಿ ಹಾಕಿದರು. ಡಬ್ಬಿ ಅವತ್ತೇ ಬೆಂಗಳೂರಿನ ಲ್ಯಾಬಿನ ದಾರಿ ಹಿಡಿಯಿತು.

ಲ್ಯಾಬಿನ ಉತ್ತರ ಬರುವ ಮೊದಲು ಊರಿನ ಉತ್ತರಗಳು ಬಂದವು. ಯಾರೋ ವಿಷ ಇಟ್ಟಿದ್ದಾರೆ ಎಂದು ಓಣಿಯವರು. ಹಂದಿಯಿಂದ ಮಕ್ಕಳಿಗೆ ಜ್ವರ ಬರುತ್ತದೆಂದು ವಾಟ್ಸಾಪಿನವರು. ಒಂದು ಗುಂಪಿನಲ್ಲಿ ಮೆಹನಾಜಳ ಫೋಟೋವೇ ತಿರುಗಿತು. ಗೌನು, ಮಾಸ್ಕು ಹಾಕಿಕೊಂಡು ಹಳ್ಳದಲ್ಲಿ ನಿಂತದ್ದು. ಎದುರು ಮನೆಯಾಕೆ ಬಂದು, ಸೊಸೆಯನ್ನು ಹದಿನೈದು ದಿನ ಬೇರೆ ಇಡುವುದು ಒಳ್ಳೆಯದೆಂದು ಅತ್ತೆ ಹೀರಾಬಿಗೆ ಬುದ್ಧಿ ಹೇಳಿದಳು.

ಹೀರಾಬಿಗೂ ಈ ಕೆಲಸ ಹಿಡಿಸುತ್ತಿರಲಿಲ್ಲ. ಆ ಜನಾವರದ ಹೆಸರನ್ನೂ ಮನೆಯಲ್ಲಿ ಎತ್ತಕೂಡದು. ಮನೆಮಾತು ದಖನಿಯಲ್ಲೂ ಅವಳು ಅದನ್ನು "ವೋ" ಎಂದಷ್ಟೇ ಅನ್ನುತ್ತಿದ್ದಳು. ಮೆಹನಾಜ್ ಬಂದ ಕೂಡಲೇ ಹಿತ್ತಿಲಲ್ಲಿ ಬಿಸಿನೀರು, ಡೆಟಾಲು. ಬಟ್ಟೆ ಅಲ್ಲೇ ಬಕೆಟ್ಟಿಗೆ. ಚಪ್ಪಲಿ ಅಂಗಡಿ ಮುಚ್ಚಿ ಬಂದ ಮಗ, ಮೆಹನಾಜಳ ಗಂಡ ಆಸಿಫನ ಮುಂದೆ ದಿನಾ ಗೊಣಗಾಟ. ಆದರೆ ಎದುರು ಮನೆಯಾಕೆಯ ಬುದ್ಧಿಮಾತು ಕೇಳಿದಾಗ ಅವಳಿಗೆ ಸಿಟ್ಟು ನೆತ್ತಿಗೇರಿತು. "ನಕ್ಕೋ ಬೋಲೋ" ಎಂದು ಕೈಯೆತ್ತಿ ಅವಳ ಬಾಯಿ ಮುಚ್ಚಿಸಿದಳು. "ನನ್ನ ಸೊಸಿಗೆ ಬಯ್ಯಾಕ ನಾನಿದೀನಿ. ನೀ ಬ್ಯಾಡ. ದವಾಖಾನಿಯಾಕಿ ಬ್ಯಾನಿ ಇದ್ದಲ್ಲಿ ಹೋಗದ ಮತ್ತೆ ಮದುವಿ ಮನಿಗೆ ಹೋಗ್ತಾಳೇನು?" ಒಳಗಿನಿಂದ ಇದನ್ನು ಕೇಳಿದ ಮೆಹನಾಜಳಿಗೆ ನಗು ಬಂತು. ಆ ವಾರ ಬಂದದ್ದು ಅದೊಂದೇ ನಗು.

ಆರನೆಯ ದಿನ ಮುದುಕಪ್ಪ ತಾನಾಗಿ ಚಿಕಿತ್ಸಾಲಯಕ್ಕೆ ಬಂದ. ತಲೆಯ ಮೇಲೆ ತಾನೇ ಹೆಣೆದ ಪುಟ್ಟಿ. ಇಳಿಸಿದ. ಒಳಗೆ ನಾಲ್ಕು ಸತ್ತ ಮರಿಗಳು, ಮೇಲೊಂದು ಹಳೆಯ ಟವೆಲು.

"ಇವು ನನ್ನವರೀ" ಎಂದ.

ಅವಳಿಗೆ ಬಯ್ಯಬೇಕೆನಿಸಿತ್ತು. ಮುಖ ನೋಡಿ ಸುಮ್ಮನಾದಳು.

"ಎಷ್ಟು ಸತ್ತಾವ ಯಪ್ಪಾ?"

"ಇವೂ ಸೇರಿ ಒಂಬತ್ತು. ಗಂಡು ಮೊದಲು ಹೋತು. ಸೂಜಿ ಮಾಡ್ರಿ ಡಾಕ್ಟರಮ್ಮ, ಉಳಿದವಕ್ಕರ ಸೂಜಿ ಮಾಡ್ರಿ."

"ಇದಕ್ಕ ಸೂಜಿ ಇಲ್ಲ."

"ಗುಳಿಗಿ?"

"ಅದೂ ಇಲ್ಲ. ಔಷಧನ ಇಲ್ಲ ಇದಕ್ಕ, ಎಲ್ಲೂ."

ಮುದುಕಪ್ಪ ಅವಳನ್ನು ಬಿಟ್ಟಗಣ್ಣಿಂದ ನೋಡಿದ. "ಔಷಧ ಇಲ್ಲ ಅಂದಮ್ಯಾಗ ನಮ್ಮ ಓಣಿಗೆ ದಿನಾ ಯಾಕ ಬರಾಕತ್ತೀರಿ ನೀವು? ನಮ್ಮ ಮಾರಿ ನೋಡಾಕೇನು?"

ಹೇಳಬೇಕಾದ್ದು ಬಹಳವಿತ್ತು, ಅವಳು ಒಂದೇ ಕೇಳಿದಳು. "ಗಂಡು ಮೊದಲು ಹೋತು ಅಂದೆಲ್ಲ, ಅದು ಎಲ್ಲೀದು?"

ಮುದುಕಪ್ಪ ಟವೆಲನ್ನು ಮರಿಗಳ ಮೇಲೆ ಸರಿಯಾಗಿ ಹೊದಿಸಿದ. ಆಮೇಲೆ ಹೇಳಿದ. ತಿಂಗಳ ಹಿಂದೆ ಯಾಪಲದಿನ್ನಿಯ ಕಡೆಯಿಂದ ತಂದದ್ದು. ಗಡಿಯಾಚೆಯ ಮಾರಾಟಗಾರ ಅರ್ಧ ಬೆಲೆಗೆ ಕೊಟ್ಟಿದ್ದ. ದಷ್ಟಪುಷ್ಟ ಗಂಡು. ಯಾಕೆ ಅರ್ಧ ಬೆಲೆ ಎಂದು ತಾನು ಕೇಳಲಿಲ್ಲ. ಅದನ್ನು ಹೇಳುವಾಗ ಮುದುಕಪ್ಪ ತನ್ನ ಹಣೆಯನ್ನೇ ಒಮ್ಮೆ ಬಡಿದುಕೊಂಡ.

"ಆ ಕೆಂಪು ದಾರದ್ದು ಕಾಣವಲ್ದು ಓಣ್ಯಾಗ" ಎಂದಳು ಮೆಹನಾಜ್. "ಅದೂ ಸತ್ತಿತೇನು?"

"ಇಲ್ರೀ. ಅದು ಚಲೋ ಅದ." ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆಯೇ ಇತ್ತು. "ಇಲ್ಲಿದ್ರ ಅದಕ್ಕೂ ತಗಲ್ತದ ಅಂತ ಮೊನ್ನಿ ಟಂಟಂ ಗಾಡ್ಯಾಗ ಹಾಕಿ ದೇವದುರ್ಗಕ್ಕ ಕಳಿಸೀನಿ. ಮಗಳ ಮನಿಗೆ."

ಮೆಹನಾಜ್ ಫೋನಿಗೆ ಕೈ ಹಾಕಿದಳು. "ಯಪ್ಪಾ... ಏನ್ ಮಾಡ್ದಿ ಯಪ್ಪಾ! ಮಗಳ ಮನ್ಯಾಗ ಬ್ಯಾರೆ ಹಂದಿ ಅದಾವೇನು?"

"ಅದಾವಲ್ರೀ. ಹನ್ನೊಂದು."

ಮಹಾಂತಯ್ಯನವರಿಗೆ ಫೋನು ಮಾಡಿದರೆ ಅವರು ಮೀಟಿಂಗಿನಲ್ಲಿದ್ದರು, ಪಿಸುದನಿಯಲ್ಲಿ ಹೇಳಿದರು, "ಆ ಮುದುಕನ್ನ ಕರ್ಕೊಂಡು ಈಗಿಂದೀಗ ದೇವದುರ್ಗಕ್ಕ ಹೋಗು. ನಾ ಸಂಜಿಗೆ ಅಲ್ಲಿಗೆ ಬರ್ತೀನಿ." ಮುದುಕಪ್ಪ ಬರಲೊಪ್ಪಲಿಲ್ಲ. ಮಗಳು ಬಯ್ಯುತ್ತಾಳೆ ಅಂದ. ಬಯ್ಯಲಿ, ಬಾ ಅಂದಳು. ಸೋಪಿನಿಂದ ಕೈಕಾಲು ತೊಳೆಸಿದಳು. ಅವನ ಚಪ್ಪಲಿ ಬಿಡಿಸಿ, ಆಸಿಫನ ಅಂಗಡಿಯಿಂದ ಹೊಸ ಜೋಡು ತರಿಸಿ ಹಾಕಿಸಿದಳು. "ಹೊಸಾವು ಯಾಕ್ರಿ?" ಎಂದು ಅವನು ಮೂರು ಸಲ ಕೇಳಿದ; ಚಪ್ಪಲಿಯ ಮಣ್ಣಿನಲ್ಲೂ ರೋಗ ಹೋಗುತ್ತದೆ ಎಂದು ಅವಳು ಮೂರು ಸಲ ಹೇಳಿದಳು. ನಾಲ್ಕನೆಯ ಸಲ ಬಸ್ಸಿನಲ್ಲಿ ಕೇಳಿದಾಗ ಉತ್ತರಿಸಲಿಲ್ಲ.

ಬಸ್ಸಿನಲ್ಲಿ ಅವನು ಆ ತಾಯಿಹಂದಿಯ ವಿಷಯವನ್ನೇ ಮಾತಾಡಿದ. ನಾಲ್ಕು ಸೂಲು ಹಾಕಿದೆ. ಒಂದು ಸಲವೂ ಹತ್ತಕ್ಕೆ ಕಡಿಮೆ ಮರಿ ಹಾಕಿಲ್ಲ. ತನ್ನ ಮರಿಯ ಮೇಲೆ ಒರಗಿ ಕೊಂದದ್ದಿಲ್ಲ. ಹೆಂಡತಿ ತೀರಿಹೋದ ವರ್ಷ ಅದು ಮೊದಲ ಸೂಲು. ಆ ಮರಿಗಳ ಗದ್ದಲದಲ್ಲಿ ದಿನ ಹೋದದ್ದು ಗೊತ್ತಾಗಲಿಲ್ಲ. ಮೆಹನಾಜ್ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಆ ಹಂದಿಯ ಗತಿ ಏನೆಂದು ಅವಳಿಗೆ ಗೊತ್ತಿತ್ತು. ಅವನಿಗೆ ಇನ್ನೂ ಹೇಳಿರಲಿಲ್ಲ.

ಮುದುಕಪ್ಪನ ಮಗಳು ಹುಲಿಗೆಮ್ಮ ದೇವದುರ್ಗದ ಅಂಚಿನಲ್ಲಿ ತಗಡಿನ ಮನೆಯಲ್ಲಿದ್ದಳು. ಊರಲ್ಲಿ ಬಿಡದೆ, ಬೇಲಿ ಕಟ್ಟಿ, ಸಿಮೆಂಟಿನ ಬಾನಿ ಇಟ್ಟು ಹಂದಿ ಸಾಕಿದ್ದಳು. ತಂದೆ ಕಳಿಸಿದ ಹಂದಿ ಬೇಲಿಯ ಒಳಗೆ ಉಳಿದವುಗಳ ಜೊತೆಯಲ್ಲೇ ನಿಂತು ಗಂಜಿ ಹೀರುತ್ತಿತ್ತು.

"ನೋಡ್ರಿ, ಹೆಂಗ ತಿನ್ನಾಕತ್ತದ" ಎಂದ ಮುದುಕಪ್ಪ.

ಮೆಹನಾಜ್ ಥರ್ಮಾಮೀಟರು ಹಾಕಿದಳು. ನೂರೆರಡು ಇರಬೇಕಾದದ್ದು ನೂರಾ ಆರು ಡಿಗ್ರಿ ತೋರಿಸಿತು. ಒರೆಸಿ ಮತ್ತೆ ಹಾಕಿದಳು. ಅದೇ. ಅವಳು ಕಿವಿಯ ಒಳಭಾಗ ನೋಡಿ, ಎದ್ದು ನಿಂತು, ಇಬ್ಬರಿಗೂ ಒಟ್ಟಿಗೇ ಎಲ್ಲ ಹೇಳಿದಳು. ಏನು ರೋಗ, ಎಲ್ಲಿಂದ ಬಂತು, ಇನ್ನೇನಾಗುತ್ತದೆ.

ಹುಲಿಗೆಮ್ಮ ಅವಳನ್ನು ಬಿಟ್ಟು ತಂದೆಯ ಕಡೆ ತಿರುಗಿದಳು. "ಗೊತ್ತಿದ್ದ ಕಳಿಸಿದೇನೋ ಯಪ್ಪಾ? ಅಲ್ಲಿ ಸಾಯಾಕತ್ತಾವ ಅಂತ ಗೊತ್ತಿದ್ದ ನನ್ನ ಮನಿಗೆ ಕಳಿಸಿದೇನು?"

"ಇದರ ಉಳೀಲಿ ಅಂತ ಕಳಿಸಿದ್ನವಾ..."

"ಇದು ಉಳೀಲಿ ಅಂತ ನನ್ನವು ಹನ್ನೊಂದು ಸಾಯಬೇಕೇನು? ಫೋನ್‌ನಾಗ ಒಂದು ಮಾತು ಹೇಳಿದ್ರ ಬಾಯಿ ಸವೀತಿತ್ತೇನು ನಿಂದು?"

ಮುದುಕಪ್ಪ ಬೇಲಿಯ ಗೂಟ ಹಿಡಿದು ನಿಂತ. ಹಂದಿ ಬಂದು ಅವನ ಮೊಣಕಾಲಿಗೆ ಮೂಗು ಒತ್ತಿತು.

ಎರಡು ದಿನದಲ್ಲಿ ಒಂದು ದೇವರ ಊಟಕ್ಕೆ ಎರಡು ಹಂದಿ ಕೊಡುತ್ತೇನೆಂದು ಹುಲಿಗೆಮ್ಮ ಮಾತು ಕೊಟ್ಟಿದ್ದಳು. ಕೊಡಬೇಡ ಎಂದಳು ಮೆಹನಾಜ್. ಮಾಂಸ ಎಲ್ಲೆಲ್ಲಿ ಹೋದರೆ ರೋಗವೂ ಅಲ್ಲಲ್ಲಿ ಹೋಗುತ್ತದೆ. ಹುಲಿಗೆಮ್ಮ ಬೇಲಿಯೊಳಗಿನವನ್ನು ಒಂದೊಂದಾಗಿ ಎಣಿಸಿದಳು. "ಕೊಡಂಗಿಲ್ಲ. ಹೊರಗ ಒಂದೂ ಬಿಡಂಗಿಲ್ಲ" ಎಂದಳು ಕೊನೆಗೆ. "ಆದ್ರ ಬರ್ಕೋರಿ. ಹನ್ನೊಂದು, ಹುಲಿಗೆಮ್ಮನವು ಅಂತ ಈಗ ನನ್ನ ಮುಂದ ಬರ್ಕೋರಿ. ನಾಳೆ ಯಾರೂ ಅವು ಇರಲೇ ಇಲ್ಲ ಅನ್ನಬಾರದು." ಮೆಹನಾಜ್ ಬರೆದುಕೊಂಡಳು. ಒಂದೊಂದರ ಬಣ್ಣ, ವಯಸ್ಸು ಕೇಳಿ ಕೇಳಿ ಬರೆದಳು. ಸಂಜೆ ಮಹಾಂತಯ್ಯ ಬಂದಾಗ ಹುಲಿಗೆಮ್ಮ ಬೇಲಿಯ ಬಾಗಿಲಿಗೆ ಸುಣ್ಣ ಸುರಿದು ಮುಗಿಸಿದ್ದಳು.

ಒಂಬತ್ತನೆಯ ದಿನ ವರದಿ ಬಂತು. ಅದೇ ರೋಗ. ಆಮೇಲೆ ಎಲ್ಲವೂ ಒಮ್ಮೆಲೇ ಬಂತು: ಜೀಪು, ಬಿಳಿ ಗೌನಿನ ತಂಡ, ಬ್ಲೀಚಿಂಗ್ ಪೌಡರು, ಗುಂಡಿ ತೋಡಲು ಜೆಸಿಬಿ. ಸುತ್ತ ಒಂದು ಕಿಲೋಮೀಟರಿನೊಳಗಿನ ಹಂದಿಗಳನ್ನೆಲ್ಲ ಕೊಂದು ಹೂಳಬೇಕೆಂದು ಆದೇಶ. ಇಲಾಖೆಯೇ ಕೊಂದ ಹಂದಿಗಳಿಗೆ ಪರಿಹಾರವುಂಟು, ಮೊದಲೇ ಸತ್ತವಕ್ಕೆ ಇಲ್ಲ. ಹಾಗೆಂದು ಮೈಕಿನಲ್ಲಿ ಹೇಳಿದ ಕೂಡಲೇ ಎಂಟು ಮನೆಗಳಿಂದಲೂ ಜನ ಓಡಿ ಬಂದರು. "ಅವು ನಮ್ಮವ್ರೀ, ಇವೂ ನಮ್ಮವ್ರೀ." ಒಂದೇ ಹಂದಿಗೆ ಇಬ್ಬರು ಒಡೆಯರು. ಮೆಹನಾಜಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಆವತ್ತು ಒಬ್ಬರಿಗೂ ಬಾಯಿ ಇರಲಿಲ್ಲೇನು?" ಎಂದು ಓಣಿಯ ನಡುವೆ ನಿಂತು ಕೂಗಿದಳು. "ಮೊದಲ ದಿನ ಹೇಳಿದ್ರ ಅರ್ಧ ಉಳೀತಿದ್ವು!" ಕೂಗಿ ಮುಗಿಸಿದ ಮೇಲೆ, ಅರ್ಧವೇನು, ಒಂದೂ ಉಳಿಯುತ್ತಿತ್ತೋ ಇಲ್ಲವೋ ತನಗೂ ಗೊತ್ತಿಲ್ಲ ಅನಿಸಿತು.

ಹಿಡಿಯುವುದು ಹೇಳಿದಷ್ಟು ಸುಲಭವಿರಲಿಲ್ಲ. ರಾಯಚೂರಿನಿಂದ ಬಂದ ಆರು ಜನ ಬಲೆ ಹಿಡಿದು ಕೆಸರಿನಲ್ಲಿ ಓಡಿದರು, ಬಿದ್ದರು, ಎದ್ದರು. ಮಧ್ಯಾಹ್ನದವರೆಗೆ ಸಿಕ್ಕಿದ್ದು ನಾಲ್ಕು. ಉಳಿದವು ಜಾಲಿಯ ಪೊದೆ ಸೇರಿದವು. ಗೋಡೆಯ ಮೇಲೆ ಕುಳಿತು ನೋಡುತ್ತಿದ್ದ ಜನ ಸಿಳ್ಳೆ ಹೊಡೆದು ನಗುತ್ತಿದ್ದರು. ಇವನ್ನು ಹೀಗೇ ಬಿಟ್ಟರೆ ಹೊಲ ದಾಟಿ ಮುಂದಿನ ಹಳ್ಳಿಗೆ ಹೋಗುತ್ತವೆ ಎಂದು ಮಹಾಂತಯ್ಯ ಕೈ ಕೈ ಹಿಸುಕಿಕೊಂಡರು.

ಆಗ ಮುದುಕಪ್ಪ ಎದ್ದ. "ಓಡಬ್ಯಾಡ್ರಿ. ಅಂಜಸಬ್ಯಾಡ್ರಿ ಅವಕ್ಕ" ಎಂದ. ಒಳಗೆ ಹೋಗಿ ತೌಡು ಕಲಸಿ ತಂದು, ಅಂಗಳದ ನಡುವೆ ಕುಕ್ಕರಗಾಲಲ್ಲಿ ಕುಳಿತ. ನಾಲಿಗೆ ಮಡಿಚಿ ಕರೆದ. "ದುರ್ರ್... ದುರ್ರ್..." ದಿನಾ ಸಂಜೆ ಕರೆಯುವ ಕರೆ. ಸ್ವಲ್ಪ ಹೊತ್ತಿಗೆ ಪೊದೆ ಅಲ್ಲಾಡಿತು. ಒಂದು ಬಂತು. ಎರಡು ಬಂದವು. ಓಣಿಯ ಉಳಿದವರೂ ಅವರವರ ಬಾಗಿಲಲ್ಲಿ ಕುಳಿತು ಕರೆಯತೊಡಗಿದರು. ಗೋಡೆಯ ಮೇಲಿನವರ ನಗು ನಿಂತಿತು. ಹಂದಿಗಳು ಕೆಸರು ಮೆತ್ತಿದ ಮೈಯಲ್ಲಿ ಒಂದೊಂದಾಗಿ ಬಂದು ತಮ್ಮ ತಮ್ಮ ಬೋಗುಣಿಗೆ ಬಾಯಿಟ್ಟವು.

ಮುದುಕಪ್ಪ ಕರೆಯುತ್ತಲೇ ಇದ್ದ. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಕರೆ ತಪ್ಪಲಿಲ್ಲ. ಮೆಹನಾಜ್ ಅವನ ಪಕ್ಕದಲ್ಲಿ ಪಟ್ಟಿ ಹಿಡಿದು ನಿಂತಿದ್ದಳು. ಮುಖಕ್ಕೆ ಹಾಕಿದ ಗಾಜಿನ ಕವಚದ ಒಳಗೆ ಮಬ್ಬು ಕಟ್ಟಿ ಅಕ್ಷರ ಕಾಣುತ್ತಿರಲಿಲ್ಲ. ಒರೆಸಿಕೊಳ್ಳಲು ಕವಚ ತೆಗೆಯುವ ಹಾಗೂ ಇರಲಿಲ್ಲ. ಅಂದು ಮಾನ್ವಿಯಲ್ಲಿ ಮೂವತ್ತೊಂದು, ಮಾರನೆಯ ದಿನ ದೇವದುರ್ಗದಲ್ಲಿ ಹುಲಿಗೆಮ್ಮನ ಹನ್ನೊಂದರ ಪೈಕಿ ಉಳಿದಿದ್ದ ಎಂಟು. ಕೆಂಪು ದಾರದ ತಾಯಿಹಂದಿ ಅಷ್ಟರಲ್ಲಿ ತಾನಾಗಿಯೇ ಸತ್ತಿತ್ತು. ದೇವದುರ್ಗದಿಂದ ಮುಂದಕ್ಕೆ ರೋಗ ಹೋಗಲಿಲ್ಲ. ಹುಲಿಗೆಮ್ಮ ಬೇಲಿ ಬಿಗಿ ಮಾಡಿದ್ದರಿಂದ ಅದು ಅಲ್ಲಿಗೇ ನಿಂತಿತು ಎಂದು ಮಹಾಂತಯ್ಯ ವರದಿಯಲ್ಲಿ ಬರೆದರು.

ನೋಟಿಸು ಬರಲು ಒಂದು ತಿಂಗಳು ಹಿಡಿಯಿತು. ಗಣತಿಯಲ್ಲಿ ಸುಳ್ಳು ಮಾಹಿತಿ ತುಂಬಿದ್ದೇಕೆ ಎಂದು ಏಳು ದಿನದೊಳಗೆ ಉತ್ತರಿಸಬೇಕು. ಅದರ ಜೊತೆಯಲ್ಲೇ, ಅದೇ ಲಕೋಟೆಯಲ್ಲಿ, ರೋಗ ನಿಯಂತ್ರಣದಲ್ಲಿ ಉತ್ತಮ ಕೆಲಸ ಮಾಡಿದ್ದಕ್ಕೆ ಮೆಚ್ಚುಗೆ ಪತ್ರ. ಮೆಹನಾಜ್ ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಿದಳು. ಉತ್ತರದಲ್ಲಿ ನೆಪ ಬರೆಯಲಿಲ್ಲ. ದಣಿದಿದ್ದೆ, ಅವರು ಇಲ್ಲ ಅಂದರು, ನಾನು ಇದೆ ಎಂದು ಹಟ ಹಿಡಿಯಲಿಲ್ಲ ಎಂದಷ್ಟೇ ಬರೆದಳು. ಒಂದು ವರ್ಷದ ವೇತನ ಬಡ್ತಿ ತಡೆಹಿಡಿದರು. ಆಸಿಫ್ ಎರಡು ದಿನ ಸಿಟ್ಟು ಮಾಡಿ ಮೂರನೆಯ ದಿನ ಮರೆತ. ಮಹಾಂತಯ್ಯ ಮೇಲ್ಮನವಿ ಬರೆಯೋಣ ಅಂದರು. ಆಕೆ ಬೇಡ ಅಂದಳು.

ಮುದುಕಪ್ಪ ಈಗ ಪುಟ್ಟಿ ಮಾತ್ರ ಹೆಣೆಯುತ್ತಾನೆ. ಮಗಳು ನಾಲ್ಕು ತಿಂಗಳು ಅವನೊಡನೆ ಮಾತಾಡಲಿಲ್ಲ. ಅವನೇ ಬಸ್ಸು ಹತ್ತಿ ಹೋಗಿ ಬೇಲಿಯ ಹೊರಗೆ ಕುಳಿತು ಬಂದ, ಎರಡು ಸಲ. ಮೂರನೆಯ ಸಲ ಅವಳು ಊಟಕ್ಕೆ ಕರೆದಳಂತೆ. ಬಡಿಸುವಾಗಲೂ ಬಯ್ದಳಂತೆ. ಅದನ್ನು ಹೇಳುವಾಗ ಅವನ ಮುಖದಲ್ಲಿ ಸಮಾಧಾನವಿತ್ತು.

ಹುಲಿಗೆಮ್ಮ ಮಾತ್ರ ಮೆಹನಾಜಳನ್ನು ಬಿಟ್ಟಿಲ್ಲ. ವಾರಕ್ಕೆರಡು ಸಲ ಫೋನು. ಮೊನ್ನೆ ಮೆಹನಾಜ್ ಒಲೆಯ ಮುಂದಿದ್ದಾಗ ಬಂತು.

"ಡಾಕ್ಟರಮ್ಮ, ಬೇಲ್ಯಾಗಿನ ಮಣ್ಣು ಒಂದು ಮೊಳ ತಗದು ಸುಣ್ಣ ಹಾಕೀನಿ. ಈಗ ಎರಡು ಮರಿ ತರ್ಲೇನ್ರಿ?"

"ಬ್ಯಾಡ. ಹೇಳೀನಲ್ಲ, ಡಾಕ್ಟರ್ ಸಾಹೇಬರು ಬಂದು ನೋಡಬೇಕು."

"ಎರಡ ರೀ."

"ಎರಡೂ ಬ್ಯಾಡ, ಒಂದೂ ಬ್ಯಾಡ."

"ಹಂಗಾರ ಎಂದ ಬರ್ತಾರ ಸಾಹೇಬರು?"

"ಬರೋ ವಾರ."

"ಹೋದ ವಾರನೂ ಬರೋ ವಾರ ಅಂದಿದ್ರಿ."

ರೊಟ್ಟಿ ಸೀಯುವ ವಾಸನೆ ಬಂತು. ಹೀರಾಬಿ ಒಳಗಿನಿಂದ ಏನೋ ಕೂಗಿದಳು. ಮೆಹನಾಜ್ ಒಂದು ಕೈಯಲ್ಲಿ ಹಂಚು ಇಳಿಸುತ್ತ, ಫೋನನ್ನು ಹೆಗಲಿಗೆ ಒತ್ತಿ ಹಿಡಿದು, "ಸೋಮವಾರ ನಾನ ಅವರನ್ನ ಕರ್ಕೊಂಡು ಬರ್ತೀನಿ, ಇಡವಾ ಫೋನು" ಎಂದಳು. ಹುಲಿಗೆಮ್ಮ ಇಡಲಿಲ್ಲ. ಸಿಮೆಂಟಿನ ಬಾನಿ ಯಾವುದರಿಂದ ತೊಳೆಯಬೇಕು ಎಂದು ಕೇಳಿದಳು. ಮೆಹನಾಜ್ ಅದನ್ನೂ ಹೇಳಿದಳು, ಎರಡು ಸಲ.